ಬೇತಾಳನ ಕರಾರು

(ದಾವಣಗೆರೆಯಲ್ಲಿ ಓದುಗರ ಬಳಗವೊಂದರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮಗೆ ಇಷ್ಟವಾದ ಪುಸ್ತಕಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನನ್ನ ಕಪಾಟಿನಲ್ಲಿ ಜಾಸ್ತಿ ಇರುವುದು ಮೂರು ಬಗೆಯ ಪುಸ್ತಕ. ವಿಜ್ಞಾನದ ಕತೆಗಳು, ಫ್ಯಾಂಟಸಿ ಕತೆಗಳು, ಪ್ರಾಣಿಗಳ ಕತೆಗಳು. ನಮ್ಮಲ್ಲಿ ಈ ಮೂರನ್ನೂ ಮಕ್ಕಳ ಸಾಲಿಗೆ ತಳ್ಳಿಬಿಡುತ್ತಾರೆ. ಕಾಲೇಜು ಮುಗಿಸಿದವರ ಕೈಯಲ್ಲಿ ಇಂಥ ಪುಸ್ತಕ ಕಂಡರೆ "ಇನ್ನೂ ಇದನ್ನೇ ಓದ್ತೀಯೇನೇ?" ಅನ್ನುತ್ತಾರೆ. ನನ್ನ ಮಟ್ಟಿಗೆ ಇವು ದೊಡ್ಡವರ ಪುಸ್ತಕಗಳು. ಬರೆಯುವವರಿಗಂತೂ ಇಷ್ಟು ಕಷ್ಟದ ಕೆಲಸ ಬೇರೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಬೇತಾಳನಿಂದ ಶುರು ಮಾಡೋಣ. ಕನ್ನಡ ಚಂದಮಾಮ ಹೊರಬರಲು ಶುರುವಾಗಿದ್ದು 1949ರಲ್ಲಿ. ಇಲ್ಲಿ ಕೂತವರಲ್ಲಿ ಅರ್ಧದಷ್ಟು ಜನ ಅದನ್ನು ಓದಿಯೇ ಬೆಳೆದವರು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಕತ್ತಲಲ್ಲಿ ನಡೆಯುವ ವಿಕ್ರಮ. ಆ ಚಿತ್ರ ಬರೆದ ಶಂಕರ್ ಅವರ ಕೈಗೆ ನಾವೆಲ್ಲ ಋಣಿಗಳು. ಆ ಕತೆಯ ಜೀವ ಇರುವುದು ಬೇತಾಳನ ಕರಾರಿನಲ್ಲಿ. ಉತ್ತರ ಗೊತ್ತಿದ್ದೂ ರಾಜ ಸುಮ್ಮನಿದ್ದರೆ ಅವನ ತಲೆ ಸಿಡಿದು ಹೋಳಾಗುತ್ತದೆ. ಬಾಯಿ ಬಿಟ್ಟರೆ ಮೌನ ಮುರಿದ ಹಾಗೆ, ಬೇತಾಳ ವಾಪಸ್ ಮರಕ್ಕೆ ಹಾರುತ್ತದೆ. ಹೆಣ ಮಾತಾಡುವುದನ್ನು ನಾವು ಒಂದೇ ಏಟಿಗೆ ನಂಬುತ್ತೇವೆ. ಆದರೆ ಒಂದು ಸಲ ರಾಜ ಉತ್ತರ ಹೇಳಿಯೂ ಬೇತಾಳ ಹೆಗಲ ಮೇಲೇ ಕೂತಿದ್ದರೆ? ಪುಸ್ತಕ ಮುಚ್ಚಿಡುತ್ತಿದ್ದೆವು, ಅಲ್ವಾ?

ನಾನು ಪುಸ್ತಕಗಳನ್ನು ಅಳೆಯುವುದು ಇದರಿಂದಲೇ. ಲೇಖಕ ಒಂದು ಸುಳ್ಳು ಹೇಳಲಿ, ಎಷ್ಟು ದೊಡ್ಡದಾದರೂ ಆಗಲಿ. ಅದು ಅವನು ಓದುಗರ ಜೊತೆ ಮಾಡಿಕೊಂಡ ಕರಾರು. ಅದಾದ ಮೇಲೆ ಒಂದೇ ಒಂದು ಸುಳ್ಳು ಹೇಳಬಾರದು. ಮಾಮೂಲಿ ಸಂಸಾರದ ಕಾದಂಬರಿ ಬರೆಯುವವರಿಗೆ ಲೋಕವೇ ಆಸರೆ. ಅತ್ತೆ ಹೇಗಿರುತ್ತಾರೆ, ಬಸ್‌ಸ್ಟ್ಯಾಂಡ್ ಹೇಗಿರುತ್ತದೆ ಅಂತ ಓದುಗರಿಗೆ ಮೊದಲೇ ಗೊತ್ತು. ಮಂಗಳ ಗ್ರಹದವನ ಬಗ್ಗೆ ಬರೆಯುವವರಿಗೆ ಆ ಆಸರೆಯೂ ಇಲ್ಲ.

ಎಚ್.ಜಿ. ವೆಲ್ಸ್ 1898ರಲ್ಲಿ ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ದಾಳಿ ಮಾಡುವ ಕಾದಂಬರಿ ತಂದರು. 'ದಿ ವಾರ್ ಆಫ್ ದಿ ವರ್ಲ್ಡ್ಸ್'. ಮೂರು ಕಾಲಿನ ದೈತ್ಯ ಯಂತ್ರಗಳು, ಸುಡುವ ಕಿರಣ, ಕಪ್ಪು ಹೊಗೆ. ಮನುಷ್ಯರ ಫಿರಂಗಿಗಳು ಒಂದೆರಡು ಯಂತ್ರ ಕೆಡವಿದರೂ ಅವರನ್ನು ತಡೆಯಲಾಗುವುದಿಲ್ಲ. ಕೊನೆಗೆ ಅವರು ಸಾಯುವುದು ನಮ್ಮ ಗಾಳಿಯಲ್ಲಿರುವ ಸೂಕ್ಷ್ಮಾಣುಗಳಿಂದ. ಇದು ಮೋಸದ ಮುಕ್ತಾಯ, ಲೇಖಕನಿಗೆ ದಾರಿ ಕಾಣದೆ ಹೀಗೆ ಮಾಡಿದ ಅಂತ ಕೆಲವರು ದೂರುತ್ತಾರೆ. ನಾನು ಖಂಡಿತ ಒಪ್ಪುವುದಿಲ್ಲ. ಪುಸ್ತಕದ ಮೊದಲ ಪ್ಯಾರಾ ತೆಗೆದು ನೋಡಿ. ಒಂದು ಹನಿ ನೀರಿನಲ್ಲಿ ಹರಿದಾಡುವ ಜೀವಿಗಳನ್ನು ನಾವು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವಲ್ಲ, ಹಾಗೆ ಆ ಗ್ರಹದವರು ನಮ್ಮನ್ನು ನೋಡುತ್ತಿದ್ದರು ಅಂತಲೇ ಕತೆ ಶುರುವಾಗುತ್ತದೆ. ಅವರನ್ನು ಕೊಲ್ಲಲಿರುವ ಜೀವಿ ಮೊದಲ ಪುಟದಲ್ಲೇ ಓಡಾಡುತ್ತಿದೆ! ನಾವು ಗಮನಿಸಲಿಲ್ಲ, ಅವರೂ ಗಮನಿಸಲಿಲ್ಲ. ಅದೇ ಮೊದಲ ಅಧ್ಯಾಯದಲ್ಲಿ ವೆಲ್ಸ್ ಟಾಸ್ಮೇನಿಯಾದ ಮಾತೂ ಎತ್ತುತ್ತಾರೆ. ಅಲ್ಲಿನ ಮೂಲ ಜನರನ್ನು ಯೂರೋಪಿನಿಂದ ಹೋದವರು ನಿರ್ನಾಮ ಮಾಡಿದರಲ್ಲ, ಹಾಗಿರುವಾಗ ಮಂಗಳದವರನ್ನು ಯಾವ ಬಾಯಲ್ಲಿ ಬೈಯುವುದು ಅಂತ ಕೇಳುತ್ತಾರೆ. ಸಾಮ್ರಾಜ್ಯ ಉತ್ತುಂಗದಲ್ಲಿದ್ದಾಗ, ಆ ಸಾಮ್ರಾಜ್ಯದ ಓದುಗರಿಗೇ ಕೇಳಿದ ಪ್ರಶ್ನೆ ಅದು.

ವಿಜ್ಞಾನದ ಕತೆ ಪಶ್ಚಿಮದ ಸರಕು ಅನ್ನುವವರಿಗೆ ಎರಡು ವಿಷಯ ಹೇಳಬೇಕು. ಜಗದೀಶಚಂದ್ರ ಬೋಸ್ 1896ರಲ್ಲೇ ಬಂಗಾಳಿಯಲ್ಲಿ ಒಂದು ಕತೆ ಬರೆದರು. ತಲೆಗೆ ಹಚ್ಚುವ ಎಣ್ಣೆಯ ಕಂಪನಿಯೊಂದು ನಡೆಸಿದ ಸ್ಪರ್ಧೆಗೆ ಬರೆದದ್ದು. ಕಲ್ಕತ್ತೆಯ ಮೇಲೆ ಬರಬೇಕಿದ್ದ ಚಂಡಮಾರುತ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ವಿಜ್ಞಾನಿಗಳೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ. ನಡೆದದ್ದು ಇಷ್ಟು: ಹಡಗಿನಲ್ಲಿದ್ದವನೊಬ್ಬ ಒಂದು ಬಾಟಲಿ ಎಣ್ಣೆಯನ್ನು ಸಮುದ್ರಕ್ಕೆ ಸುರಿದಿದ್ದ. ಎಣ್ಣೆ ನೀರಿನ ಮೇಲೆ ಪದರವಾಗಿ ಹರಡಿ ಅಲೆ ತಗ್ಗಿಸುವುದು ನಿಜವಾದ ವಿಜ್ಞಾನ. ಅದನ್ನು ಚಂಡಮಾರುತದ ಮಟ್ಟಕ್ಕೆ ಹಿಗ್ಗಿಸಿದ್ದು ಕತೆಯ ಕರಾರು. ಬರೆದವರು ಅದರ ಹಿಂದಿನ ವರ್ಷವಷ್ಟೇ ತಂತಿ ಇಲ್ಲದೆ ವಿದ್ಯುತ್ಕಾಂತ ಅಲೆಗಳನ್ನು ಗೋಡೆಯಾಚೆ ಕಳಿಸಿ ತೋರಿಸಿದ್ದ ವಿಜ್ಞಾನಿ.

ಇನ್ನೊಂದು 1905ರದು. ಬಂಗಾಳದ ರುಕಿಯಾ ಹುಸೇನ್ ಇಂಗ್ಲಿಷಿನಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್'. ಅಲ್ಲಿ ಗಂಡಸರು ಮನೆಯೊಳಗೆ ಪರದೆಯಲ್ಲಿ ಇರುತ್ತಾರೆ, ಹೆಂಗಸರು ರಾಜ್ಯ ಆಳುತ್ತಾರೆ. ಹಾರುವ ಗಾಡಿಯಲ್ಲಿ ಓಡಾಡುತ್ತಾರೆ. ಬಿಸಿಲಿನ ಶಾಖ ಹಿಡಿದಿಟ್ಟು ಅಡುಗೆ ಮಾಡುತ್ತಾರೆ. ದಂಡೆತ್ತಿ ಬಂದ ಶತ್ರುಗಳನ್ನು ಅದೇ ಬಿಸಿಲಿನಿಂದ ಓಡಿಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತಲು ಬಿಡದ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಕಂಡ ಲೋಕ ಇದು. ಹಿರಿಯೂರು ದಾಟಿ ಪಾವಗಡದ ಕಡೆ ಹೋದವರಿಗೆ ಕಣ್ಣು ಹಾಯಿಸಿದಷ್ಟೂ ಸೋಲಾರ್ ಹಲಗೆಗಳು ಕಾಣುತ್ತವೆ, 2,050 ಮೆಗಾವಾಟಿನ ಪಾರ್ಕು ಅದು. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ರುಕಿಯಾ ನೆನಪಾಗುತ್ತಾರೆ.

ಈಗ ಕ್ಯಾಪ್ಟನ್ ನೆಮೋ. ಇವನ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕಂದರೆ ಇವನು ಒಂದು ಲೆಕ್ಕದಲ್ಲಿ ನಮ್ಮ ಕಡೆಯವನು. ಫ್ರಾನ್ಸಿನ ಜೂಲ್ಸ್ ವರ್ನ್ 1870ರ ಹೊತ್ತಿಗೆ ಬರೆದ ಸಮುದ್ರದಡಿಯ ಯಾನದ ಕಾದಂಬರಿಯಲ್ಲಿ ನೆಮೋ ಯಾರು, ಯಾವ ದೇಶದವನು ಅಂತ ಎಲ್ಲೂ ಹೇಳುವುದಿಲ್ಲ. ಒಂದೇ ಒಂದು ಸುಳಿವು ಸಿಗುತ್ತದೆ. ಸಿಂಹಳದ ಹತ್ತಿರ ಒಬ್ಬ ಬಡವ ಮುತ್ತಿನ ಚಿಪ್ಪು ಆರಿಸಲು ನೀರಿಗೆ ಧುಮುಕಿರುತ್ತಾನೆ. ಅವನ ಮೇಲೆ ಶಾರ್ಕ್ ಎರಗುತ್ತದೆ. ನೆಮೋ ಬರೀ ಚೂರಿ ಹಿಡಿದು ಶಾರ್ಕಿಗೆ ಎದುರು ನಿಲ್ಲುತ್ತಾನೆ. ಬದುಕುಳಿದ ಆ ಬಡವನ ಕೈಗೆ ಒಂದು ಚೀಲ ಮುತ್ತು ಇಡುತ್ತಾನೆ. ಮನುಷ್ಯಕುಲದ ಸಹವಾಸವೇ ಬೇಡ ಅಂದವನು ಹೀಗೇಕೆ ಮಾಡಿದ ಅಂತ ಕೇಳಿದರೆ, ಅವನು ತುಳಿತಕ್ಕೆ ಸಿಕ್ಕಿದ ದೇಶದವನು, ಕೊನೆಯ ಉಸಿರಿರುವ ತನಕ ನಾನೂ ಆ ದೇಶದವನೇ ಅನ್ನುತ್ತಾನೆ.

ಗುಟ್ಟು ಬಿಚ್ಚುವುದು ಮುಂದೆ ಬಂದ 'ದಿ ಮಿಸ್ಟೀರಿಯಸ್ ಐಲ್ಯಾಂಡ್' ಎಂಬ ಕಾದಂಬರಿಯಲ್ಲಿ. ನೆಮೋ ಅಂದರೆ ಬುಂದೇಲಖಂಡದ ರಾಜಕುಮಾರ ಡಕ್ಕರ್. 1857ರ ದಂಗೆಯಲ್ಲಿ ಹೋರಾಡಿ, ಮನೆಮಂದಿಯನ್ನೆಲ್ಲ ಕಳೆದುಕೊಂಡು ಸಮುದ್ರ ಸೇರಿದವನು. ಅಷ್ಟೇ ಅಲ್ಲ, ಟಿಪ್ಪು ಸುಲ್ತಾನನ ಸಂಬಂಧಿಕ! ದುರ್ಗದ ಕಡೆಯವರಿಗೆ ಹೈದರಾಲಿ ಅಂದರೆ 1779, ಮದಕರಿ ನಾಯಕ, ಓಬವ್ವನ ಕಿಂಡಿ. ಆ ಹೈದರನ ಮಗನ ನಂಟನನ್ನು ಒಬ್ಬ ಫ್ರೆಂಚ್ ಲೇಖಕ ವಿದ್ಯುತ್ತಿನಿಂದ ಓಡುವ ಹಡಗಿನಲ್ಲಿ ಕೂರಿಸಿ ಸಮುದ್ರದ ತಳಕ್ಕೆ ಕಳಿಸಿದ. ವರ್ನ್ ಮೊದಲು ಅವನನ್ನು ರಷ್ಯಾದ ಮೇಲೆ ಸಿಟ್ಟಿರುವ ಪೋಲೆಂಡಿನವನನ್ನಾಗಿ ಮಾಡಬೇಕು ಅಂದುಕೊಂಡಿದ್ದರು, ಪ್ರಕಾಶಕರು ಒಪ್ಪಲಿಲ್ಲ. ಹಾಗಾಗಿ ನೆಮೋ ನಮ್ಮವನಾದ. ಇಷ್ಟಾದರೂ ಸಿನಿಮಾ, ಚಿತ್ರಪುಸ್ತಕಗಳಲ್ಲಿ ಬಹಳ ಸಲ ಅವನನ್ನು ಬಿಳಿಯನನ್ನಾಗಿಯೇ ತೋರಿಸುತ್ತಾರೆ. ಅದು ನನಗೆ ತುಂಬಾ ನೋವು ಕೊಡುವ ವಿಷಯ. ಅವನ ಸಿಟ್ಟಿಗೆ ಕಾರಣವೇ 1857. ಅದನ್ನು ಕಿತ್ತುಹಾಕಿದರೆ ಉಳಿಯುವುದು ಒಬ್ಬ ಹುಚ್ಚ ನಾವಿಕ ಅಷ್ಟೇ.

ಐಸಾಕ್ ಅಸಿಮೋವ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1942ರ ಒಂದು ಕತೆಯಲ್ಲಿ ರೋಬೋಟುಗಳಿಗೆ ಮೂರು ನಿಯಮ ಬರೆದಿಟ್ಟರು. ಆಮೇಲೆ ಎಷ್ಟೋ ವರ್ಷ ಆ ಮೂರು ನಿಯಮಗಳ ಸಂದಿಯಲ್ಲೇ ಕತೆ ಹುಡುಕಿದರು. ಬುದ್ಧಿಗೆ ಹಬ್ಬ. ಮನಸ್ಸಿಗೆ ಅಷ್ಟಾಗಿ ತಟ್ಟುವುದಿಲ್ಲ.

ಫ್ಯಾಂಟಸಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅಮೆರಿಕದ ಅರ್ಸುಲಾ ಲೆ ಗ್ವಿನ್. ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' 1968ರಲ್ಲಿ ಬಂತು. ದ್ವೀಪಗಳ ಲೋಕ, ಮಾಂತ್ರಿಕರನ್ನು ತಯಾರು ಮಾಡುವ ಶಾಲೆ, ಅಲ್ಲಿಗೆ ಸೇರುವ ಹುಡುಗ. ಆ ಲೋಕದ ಮಾಂತ್ರಿಕ ಮನಸ್ಸು ಬಂದಾಗಲೆಲ್ಲ ಮಂತ್ರ ಹಾಕುವಂತಿಲ್ಲ. ಅಲ್ಲೊಂದು ಮಾತು ಬರುತ್ತದೆ: ಈ ದ್ವೀಪದಲ್ಲಿ ತರಿಸಿದ ಮಳೆ ದೂರದ ಇನ್ನೊಂದು ದ್ವೀಪದಲ್ಲಿ ಬರ ಆಗಬಹುದು.

ಮಲೆನಾಡಿನವರು ಈ ಸಾಲನ್ನು ಓದಿ ಮುಂದೆ ಹೋಗಬಹುದೇನೋ. ಚಳ್ಳಕೆರೆ, ಜಗಳೂರು, ಹಿರಿಯೂರಿನವರು ಹೇಗೆ ಹೋಗುತ್ತಾರೆ? ಮಳೆರಾಯನನ್ನು ಮಾಡಿ ಹೊತ್ತು ಮನೆಮನೆ ತಿರುಗಿದ ಊರುಗಳು ಇವು. ಮಾರಿಕಣಿವೆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ ಎರಡು ಮೂರು ತಲೆಮಾರು ಆ ಕೋಡಿ ನೀರನ್ನು ನೋಡದೇ ಹೋದವು. ಇಂಥ ನೆಲದಲ್ಲಿ ಕೂತವರಿಗೆ "ನಿನಗೆ ಮಳೆ ತರಿಸಿಕೊಡುತ್ತೇನೆ, ಆದರೆ ಇನ್ಯಾರದೋ ಹೊಲ ಒಣಗುತ್ತದೆ, ಬೇಕಾ?" ಅಂತ ಕೇಳಿದರೆ ಅದು ಮಕ್ಕಳ ಕತೆಯಾಗಿ ಉಳಿಯುವುದಿಲ್ಲ. ನದಿ ನೀರಿನ ಜಗಳ ಇರುವ ಪ್ರತಿ ಊರಿನ ಪ್ರಶ್ನೆ ಅದು.

ಇನ್ನು ಪ್ರಾಣಿಗಳು. ಇಲ್ಲಿ ಕರಾರು ಇನ್ನೂ ಬಿಗಿ. ಮಂಗಳದವರು ಬಂದು "ನನ್ನ ಬಗ್ಗೆ ತಪ್ಪಾಗಿ ಬರೆದೆ" ಅನ್ನುವುದಿಲ್ಲ. ನಾಯಿ, ಎತ್ತು, ಚಿರತೆ ಹಾಗಲ್ಲ. ಅವು ನಮ್ಮ ಕಣ್ಣೆದುರಿಗೇ ಇವೆ.

ಗೋವಿನ ಹಾಡನ್ನು ಕೇಳಿ ನಾನೂ ಅತ್ತಿದ್ದೇನೆ. ಅದರ ಲಯ ಅದ್ಭುತ, ಪುಣ್ಯಕೋಟಿ ತನ್ನ ಕರುವನ್ನು ಅಕ್ಕತಂಗಿಯರಿಗೆ ಒಪ್ಪಿಸುವ ಜಾಗ ಕಲ್ಲನ್ನೂ ಕರಗಿಸುತ್ತದೆ. ಆದರೆ ಪ್ರಾಣಿಯ ಕತೆ ಅಂತ ನೋಡಿದರೆ ನನ್ನ ಮನಸ್ಸು ಅರ್ಭುತನ ಪರ ನಿಲ್ಲುತ್ತದೆ. ಹಸಿದ ಹುಲಿ ದನ ತಿನ್ನುವುದು ಪಾಪವಲ್ಲ. ನಾಚಿಕೆಯಿಂದ ಪ್ರಾಣ ಬಿಡುವುದು ಮನುಷ್ಯ, ಹುಲಿಯ ಚರ್ಮ ಹೊದ್ದವನು. ಹಾಡಿಗೆ ಬೇಕಾಗಿದ್ದದ್ದು ಸತ್ಯದ ಗೆಲುವು, ಅದನ್ನು ಅದು ಕೊಟ್ಟಿತು. ಹುಲಿಯನ್ನು ಹುಡುಕಲು ಬೇರೆ ಪುಸ್ತಕಕ್ಕೆ ಹೋಗಬೇಕು.

ನಾನು ಹೋದದ್ದು ಜಿಮ್ ಕಾರ್ಬೆಟ್ ಹತ್ತಿರ. ರುದ್ರಪ್ರಯಾಗದ ಚಿರತೆಯ ಕತೆಯನ್ನು ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ, 'ರುದ್ರಪ್ರಯಾಗದ ಭಯಾನಕ ನರಭಕ್ಷಕ'. ಕೇದಾರ, ಬದರಿಗೆ ಹೋಗುವ ದಾರಿಯಲ್ಲಿ ಎಂಟು ವರ್ಷ ಜನ ಕತ್ತಲಾದ ಮೇಲೆ ಬಾಗಿಲು ತೆಗೆಯಲಿಲ್ಲ. ಸರ್ಕಾರದ ಲೆಕ್ಕದಲ್ಲೇ 125 ಜನ ಸತ್ತರು. 1926ರಲ್ಲಿ ಕಾರ್ಬೆಟ್ ಅದನ್ನು ಹೊಡೆದರು. ಎಷ್ಟೋ ಬೇಟೆ ಪುಸ್ತಕಗಳಲ್ಲಿ ಇಂಥ ಪ್ರಾಣಿ ರಾಕ್ಷಸ, ಹೊಡೆದವನು ದೇವರು. ಕಾರ್ಬೆಟ್ ಕಾರಣ ಹುಡುಕುತ್ತಾರೆ. 1918ರಲ್ಲಿ ಇನ್‌ಫ್ಲುಯೆಂಜಾ ಬಂದು ಹಳ್ಳಿಹಳ್ಳಿಯಲ್ಲಿ ಜನ ಸತ್ತರು. ಬೆಟ್ಟದ ಮೇಲಿನ ಊರುಗಳಿಂದ ಹೆಣಗಳನ್ನು ಕೆಳಗೆ ನದಿಯ ತನಕ ಹೊತ್ತು ಸುಡಲು ಆಗಲಿಲ್ಲ. ಬಾಯಿಗೆ ಒಂದು ಕೆಂಡ ಇಟ್ಟು, ಕಣಿವೆಗೆ ಉರುಳಿಸಿದರು. ಚಿರತೆಗೆ ಮನುಷ್ಯರ ಮಾಂಸದ ರುಚಿ ಹತ್ತಿದ್ದು ಹೀಗೆ ಅನ್ನುತ್ತಾರೆ ಕಾರ್ಬೆಟ್. ಆ ಪುಟ ಓದಿದ ಮೇಲೆ ಭಯ ಹೋಗುವುದಿಲ್ಲ, ಆದರೆ ದ್ವೇಷ ಉಳಿಯುವುದಿಲ್ಲ. ಕೊನೆಗೆ ಸತ್ತು ಬಿದ್ದ ಚಿರತೆ ಒಂದು ಮುದಿ ಚಿರತೆ, ಅಷ್ಟೇ. ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ ಕಾಡಿನ ಕತೆಗಳನ್ನೂ ತೇಜಸ್ವಿಯವರೇ ಕನ್ನಡಕ್ಕೆ ತಂದರು. ಅವೂ ಸೊಗಸಾಗಿವೆ. ಆದರೂ ಕಾರ್ಬೆಟ್ ತೂಕವೇ ಬೇರೆ.

ಇಂಗ್ಲೆಂಡಿನ ಅನ್ನಾ ಸೆವೆಲ್ ಜೀವನದಲ್ಲಿ ಬರೆದದ್ದು ಒಂದೇ ಕಾದಂಬರಿ, 1877ರ 'ಬ್ಲ್ಯಾಕ್ ಬ್ಯೂಟಿ'. ಹದಿನಾಲ್ಕರ ವಯಸ್ಸಿನಲ್ಲಿ ಬಿದ್ದು ಕಾಲಿಗೆ ಪೆಟ್ಟಾಗಿ, ಆಮೇಲೆ ಸರಿಯಾಗಿ ನಡೆಯಲಾಗದೆ ಹೋದವರು ಅವರು. ಎಲ್ಲಿಗೆ ಹೋಗಬೇಕಾದರೂ ಕುದುರೆ ಗಾಡಿಯೇ ಗತಿ. ಕತೆ ಹೇಳುವುದು ಕುದುರೆ. ಅದೊಂದೇ ಸುಳ್ಳು. ಅದರ ಮೈಗೆ ಆಗುವುದೆಲ್ಲ ನಿಜ. ಆ ಕಾಲದ ಶ್ರೀಮಂತರಿಗೆ ಕುದುರೆಯ ತಲೆ ಎತ್ತರಕ್ಕೆ ನಿಂತರೆ ಶೋಕಿ. ಅದಕ್ಕೆ ಇನ್ನೊಂದು ಬಿಗಿ ಲಗಾಮು ಹಾಕಿ ಕತ್ತನ್ನು ಮೇಲಕ್ಕೆ ಎಳೆದು ಕಟ್ಟುತ್ತಿದ್ದರು. ಏರಿನಲ್ಲಿ ಭಾರ ಎಳೆಯುವಾಗ ಕುದುರೆ ತಲೆ ಬಗ್ಗಿಸಬೇಕು, ಮೈಯ ಬಲವನ್ನೆಲ್ಲ ಮುಂದಕ್ಕೆ ಹಾಕಬೇಕು. ಈ ಲಗಾಮಿದ್ದರೆ ಬಗ್ಗಿಸಲು ಆಗುವುದಿಲ್ಲ. ಕತ್ತು ಸೆಟೆಯುತ್ತದೆ, ಉಸಿರು ಕಟ್ಟುತ್ತದೆ, ಬಾಯಲ್ಲಿ ನೊರೆ ಬರುತ್ತದೆ. ಸೆವೆಲ್ ಇದನ್ನು ಬೈದು ಬರೆಯುವುದಿಲ್ಲ. ಮೊದಲ ದಿನ ಒಂದು ತೂತು ಬಿಗಿ, ಆಮೇಲೆ ಇನ್ನೊಂದು, ಆಮೇಲೆ ಇನ್ನೊಂದು ಅಂತ ಕುದುರೆಯ ಬಾಯಲ್ಲೇ ಹೇಳಿಸುತ್ತಾ ಹೋಗುತ್ತಾರೆ. ಆ ಪುಸ್ತಕ ಓದಿದ ಜನ ಆ ಲಗಾಮಿನ ವಿರುದ್ಧ ದನಿ ಎತ್ತಿದರು. ಸೆವೆಲ್ ಅದನ್ನು ನೋಡಲು ಉಳಿಯಲಿಲ್ಲ, ಪುಸ್ತಕ ಬಂದ ಮುಂದಿನ ವರ್ಷವೇ ತೀರಿಕೊಂಡರು. ಬಾರುಕೋಲಿನ ತುದಿಗೆ ಮೊಳೆ ಹೊಡೆದು ಎತ್ತನ್ನು ತಿವಿಯುವುದನ್ನು ನೋಡಿದ ಯಾರಿಗೂ ಆ ಪುಸ್ತಕ ದೂರದ್ದು ಅನ್ನಿಸುವುದಿಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಹುಲಿಯನನ್ನು ಬಿಟ್ಟರೆ ನನ್ನ ಮಾತು ಅರ್ಧ ಆಗುತ್ತದೆ. ಗುತ್ತಿಯ ನಾಯಿ. ಅದು ಒಂದು ಮಾತೂ ಆಡುವುದಿಲ್ಲ, ಒಂದು ನೀತಿಯೂ ಹೇಳುವುದಿಲ್ಲ. ಮೊದಲಿಂದ ಕೊನೆಯ ತನಕ ನಾಯಿಯಾಗಿಯೇ ಇರುತ್ತದೆ. ತುಂಬಿದ ತುಂಗೆಯಲ್ಲಿ ಅದು ಕೊಚ್ಚಿಹೋಗುವಾಗ ಆಗುವ ಸಂಕಟ, ನನಗೆ ಎಷ್ಟೋ ಕಾದಂಬರಿಗಳ ನಾಯಕರು ಸತ್ತಾಗಲೂ ಆಗಿಲ್ಲ.

ಈ ಮೂರೂ ಬಗೆ ಒಂದೇ ಪುಸ್ತಕದಲ್ಲಿ ಕೂಡಿದ್ದು ಯಾವುದರಲ್ಲಿ ಅಂತ ಕೇಳಿದರೆ ನನ್ನ ಉತ್ತರ 'ಕರ್ವಾಲೊ'. ಪೂರ್ಣಚಂದ್ರ ತೇಜಸ್ವಿ ಅವರ ಈ ಕಾದಂಬರಿ ಬಂದದ್ದು 1980ರಲ್ಲಿ. ಹಾರುವ ಓತಿ ಎಂಬ ಪ್ರಾಣಿ ನಿಜವಾಗಿಯೂ ಪಶ್ಚಿಮ ಘಟ್ಟದಲ್ಲಿದೆ. ಪಕ್ಕೆಲುಬು ಉದ್ದವಾಗಿ ಹೊರಕ್ಕೆ ಚಾಚಿ, ಅದರ ಮೇಲೆ ಚರ್ಮ ಛತ್ರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಮರದಿಂದ ಮರಕ್ಕೆ ತೇಲುತ್ತದೆ. ತೇಜಸ್ವಿ ಮಾಡಿಕೊಂಡ ಕರಾರು ಸಣ್ಣದು. ಲಕ್ಷಾಂತರ ವರ್ಷಗಳ ಹಿಂದಿನ ಒಂದು ಜೀವಿ ಹಾಗೆಯೇ ಉಳಿದುಬಂದಿದೆ, ಅದನ್ನು ಮಂದಣ್ಣ ಎಂಬ ಹಳ್ಳಿಯವನು ನೋಡಿದ್ದಾನೆ. ಅಷ್ಟೇ. ಮಿಕ್ಕಿದ್ದೆಲ್ಲ ಜೇನು ಸೊಸೈಟಿ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಮಂದಣ್ಣನ ಮೇಲಿನ ಕೇಸು.

ನನಗೆ ಮುಖ್ಯ ಅನ್ನಿಸುವುದು ಯಾರು ಯಾರಿಂದ ಕಲಿಯುತ್ತಾರೆ ಅನ್ನುವುದು. ಊರವರು ಕೆಲಸಕ್ಕೆ ಬಾರದವನು ಅಂದುಕೊಂಡ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ವಿಜ್ಞಾನಿಯನ್ನು ಕಾಣುತ್ತಾರೆ. ಕೊನೆಯಲ್ಲಿ ಓತಿ ಸಿಗುತ್ತದೆ, ಇನ್ನೇನು ಕೈಗೆ ಬಂತು ಅನ್ನುವಾಗ ಪ್ರಪಾತದ ಅಂಚಿನಿಂದ ತೇಲಿ ಹೋಗಿಬಿಡುತ್ತದೆ. ಹಿಡಿದು ಗಾಜಿನ ಭರಣಿಗೆ ಹಾಕಿದ್ದರೆ ತೇಜಸ್ವಿ ಮೋಸ ಮಾಡಿದ ಹಾಗೆ ಆಗುತ್ತಿತ್ತು. ಯಾಕಂದರೆ ಆಗ "ಹಾಗಾದರೆ ಅದು ಯಾವ ಮ್ಯೂಸಿಯಮ್ಮಿನಲ್ಲಿದೆ?" ಅಂತ ಓದುಗ ಕೇಳುತ್ತಾನೆ. ಹಾರಿ ಹೋದದ್ದರಿಂದ ಅದು ಇವತ್ತಿಗೂ ಇರಬಹುದು.

ಇಲ್ಲಿಗೆ ಬಂದಾಗ ನನಗೊಂದು ಆಸೆ, ಸ್ವಲ್ಪ ಹೊಟ್ಟೆಕಿಚ್ಚು ಕೂಡ. ಕನ್ನಡದಲ್ಲಿ ವಿಜ್ಞಾನದ ಕತೆ ಬರೆದವರಿದ್ದಾರೆ, ರಾಜಶೇಖರ ಭೂಸನೂರಮಠ ಅವರಂಥವರು ಪಟ್ಟು ಹಿಡಿದು ಬರೆದರು. ಪ್ರಾಣಿ, ಕಾಡು ಅಂದರೆ ಮಾತ್ರ ನಮ್ಮ ಸಾಹಿತ್ಯ ಸೀದಾ ಮಲೆನಾಡಿಗೆ ಓಡುತ್ತದೆ. ಬಯಲುಸೀಮೆಗೆ ಏನು ಕಮ್ಮಿ?

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಎಂಬ ಜಿಂಕೆಯಂಥ ಪ್ರಾಣಿ ಇದೆ. 2011ರಲ್ಲಿ ಅದಕ್ಕಾಗಿಯೇ ವನ್ಯಧಾಮ ಆಯಿತು. ಗಂಡಿಗೆ ತಲೆಯ ಮೇಲೆ ನಾಲ್ಕು ಕೊಂಬು. ಕಾಡಿನ ಬೇರೆ ಯಾವ ಪ್ರಾಣಿಗೂ ಹೀಗೆ ನಾಲ್ಕು ಕೊಂಬಿಲ್ಲ. ಯಾರಾದರೂ ಫ್ಯಾಂಟಸಿಯಲ್ಲಿ ಬರೆದಿದ್ದರೆ ಅತಿಯಾಯ್ತು ಅನ್ನುತ್ತಿದ್ದೆವು. ದಾವಣಗೆರೆಯಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವಷ್ಟು ಹತ್ತಿರದಲ್ಲಿ ಅದು ಮೇಯುತ್ತಿದೆ.

ಚಳ್ಳಕೆರೆಯ ಕಡೆಗೆ ಬನ್ನಿ. ಅಲ್ಲಿನದು ಅಮೃತಮಹಲ್ ಕಾವಲು. ಒಂದು ಕಾಲಕ್ಕೆ ಮೈಸೂರು ದೊರೆಗಳ ಫಿರಂಗಿ ಎಳೆಯುವ ಎತ್ತುಗಳ ತಳಿ ಮೇಯುತ್ತಿದ್ದ ಹುಲ್ಲುಗಾವಲು. ಈಗ ಅಲ್ಲೇ ವಿಮಾನ ಪರೀಕ್ಷೆಯ ರನ್‌ವೇ ಇದೆ. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರೊಂದು ಇಸ್ರೋದ ರೆಕ್ಕೆಯುಳ್ಳ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಒಳಗೆ ಪೈಲಟ್ ಇಲ್ಲ. ಅದು ತಾನಾಗಿ ದಾರಿ ಹಿಡಿದು, ಆ ರನ್‌ವೇ ಮೇಲೆ ಇಳಿಯಿತು. ಮುಂದಿನ ವರ್ಷ ಇನ್ನೆರಡು ಸಲ. ಇದೇ ಸೀಮೆಯಲ್ಲಿ ದನ ಸಾಕುವ ಮ್ಯಾಸನಾಯಕ ಜನರ ದೇವರ ಎತ್ತುಗಳಿವೆ. ಅವುಗಳನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಅವುಗಳನ್ನು ಕಾಯುವ ಕಿಲಾರಿಗಳು ಮೇವು ನೀರು ಹುಡುಕುತ್ತಾ ಅವುಗಳ ಹಿಂದೆ ಅಲೆಯುತ್ತಾರೆ. ಕಾಡುಗೊಲ್ಲರು ಗಣೆ ಎಂಬ ಉದ್ದನೆಯ ಕೊಳಲು ಊದಿ ತಮ್ಮ ದೈವ ಜುಂಜಪ್ಪನ ಕತೆ ಹಾಡುತ್ತಾರೆ, ಅದರ ತುಂಬ ದನಗಳೇ. ದೇವರ ಎತ್ತು, ಅದರ ಹಿಂದೆ ಕಿಲಾರಿ, ತಲೆಯ ಮೇಲೆ ಪೈಲಟ್ ಇಲ್ಲದ ವಿಮಾನ! ಇದಕ್ಕಿಂತ ಒಳ್ಳೆಯ ಕತೆಯ ಜಾಗ ಯಾವ ದೇಶದಲ್ಲಿದೆ, ಹೇಳಿ? ಇಲ್ಲಿ ಬರೆಯುವವರಿಗೆ ಒಂದು ಸುಳ್ಳನ್ನೂ ಹುಡುಕಬೇಕಾಗಿಲ್ಲ. ಆ ಹುಲ್ಲು ಯಾರಿಗೆ ಸೇರಿದ್ದು ಅನ್ನುವ ಪ್ರಶ್ನೆ ಅಲ್ಲಿ ಹೇಗೂ ಬಂದೇ ಬರುತ್ತದೆ. ಬರಲಿ. ವೆಲ್ಸ್ ಅಂಥದ್ದೇ ಪ್ರಶ್ನೆ ಕೇಳಿದ್ದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಿವು.

ಒಬ್ಬ ಮೇಷ್ಟ್ರು ಕೇಳಿದರು: "ಮೇಡಂ, ನಮ್ಮ ಹೈಸ್ಕೂಲ್ ಮಕ್ಕಳಿಗೆ ಕರ್ವಾಲೊ ಕೊಡಬಹುದಾ?" ಎಂಟನೇ ಕ್ಲಾಸಿನಿಂದ ಧಾರಾಳವಾಗಿ ಕೊಡಿ, ಸರ್. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಮಾತ್ರ ಕೇಳಬೇಡಿ. ಅದಕ್ಕಿಂತ ಚಿಕ್ಕವರಿಗೆ ತೇಜಸ್ವಿಯವರದೇ 'ಪರಿಸರದ ಕತೆ' ಇರಲಿ, ಗಟ್ಟಿಯಾಗಿ ಓದಿ ಹೇಳಿದರೆ ಇನ್ನೂ ಚೆಂದ. ರುದ್ರಪ್ರಯಾಗವನ್ನು ಹತ್ತನೇ ಕ್ಲಾಸಿನ ತನಕ ತಡೆಯಿರಿ. ರಾತ್ರಿ ನಿದ್ದೆ ಬರುವುದಿಲ್ಲ.

ಒಬ್ಬ ಕಾಲೇಜು ಹುಡುಗ: "ಇವೆಲ್ಲ ಸಿನಿಮಾ ಆಗಿವೆ. ನೋಡಿದರೆ ಸಾಲದಾ ಮೇಡಂ?" ಕೆಲವು ಸಿನಿಮಾ ನನಗೂ ಇಷ್ಟಪ್ಪ. ಆದರೆ ಬ್ಲ್ಯಾಕ್ ಬ್ಯೂಟಿಯಲ್ಲಿ ಲಗಾಮು ಒಂದೊಂದೇ ತೂತು ಬಿಗಿಯಾಗುವುದನ್ನು ಕುದುರೆಯ ಒಳಗಿನಿಂದ ಕೇಳಬೇಕು. ಕ್ಯಾಮೆರಾ ಕುದುರೆಯನ್ನು ಹೊರಗಿನಿಂದ ನೋಡುತ್ತದೆ. ಮತ್ತೆ ನೆಮೋನ ಮಾತು ಹೇಳಿದೆನಲ್ಲ.

ಕೊನೆಯ ಪ್ರಶ್ನೆ ಚಳ್ಳಕೆರೆ ಕಡೆಯಿಂದ ಬಂದಿದ್ದ ಹಿರಿಯರೊಬ್ಬರದು. "ನಮ್ಮ ಕಡೆ ಕಿಲಾರಿಗಳು ಎತ್ತಿನ ಕತೆ ಎಷ್ಟೋ ಹೇಳ್ತಾರಮ್ಮ. ಅವನ್ನು ಬರೆಯೋರು ಯಾರು?" ಅಜ್ಜ, ಬರೆಯುವುದು ಆಮೇಲಾಗಲಿ. ಮೊದಲು ನಿಮ್ಮ ಮೊಮ್ಮಕ್ಕಳ ಮೊಬೈಲಿನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಸಿ. ಯಾವ ಬರದಲ್ಲಿ ಮಂದೆಯನ್ನು ಎಲ್ಲಿಗೆ ಹೊಡೆದುಕೊಂಡು ಹೋದರು, ಯಾವ ಎತ್ತು ದಾರಿ ತೋರಿಸಿತು, ಎಲ್ಲಿ ನೀರು ಸಿಕ್ಕಿತು, ಇದನ್ನೆಲ್ಲ ಬಿಡದೆ ಕೇಳಿಸಿ. ಅವರು ಹೇಳಿದ ಹಾಗೇ ಇರಲಿ, ಯಾರೂ ತಿದ್ದುವುದು ಬೇಡ. ಮುಂದಿನ ಸಭೆಗೆ ಅದನ್ನು ತನ್ನಿ, ಎಲ್ಲರೂ ಕೂತು ಕೇಳೋಣ.